ಊರಿಗೂ ನಿಲ್ದಾಣಕ್ಕೂ ನಡುವಿನ ದಾರಿ

ಮಿರಜದಿಂದ ಪಂಢರಪುರಕ್ಕೆ ಸಾಗುವ ರೈಲುಮಾರ್ಗದಲ್ಲಿ, ಸಾಂಗೋಲೆಗೆ ಮುನ್ನ ಒಂದು ಚಿಕ್ಕ ನಿಲ್ದಾಣವಿದೆ. ಅದರ ಹೆಸರು ‘ಜತ್ತ ರೋಡ್’. ಅಲ್ಲಿ ಇಳಿದವನಿಗೆ ಜತ್ತ ಪಟ್ಟಣ ಕಾಣುವುದಿಲ್ಲ. ನಮ್ಮ ದೇಶದ ರೈಲ್ವೆಯಲ್ಲಿ ಊರಿನ ಹೆಸರಿಗೆ ‘ರೋಡ್’ ಎಂಬ ಪದ ಸೇರಿದರೆ ಸಾಮಾನ್ಯವಾಗಿ ಅದರ ಅರ್ಥ ಒಂದೇ: ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಇಲ್ಲಿಂದ ಹೊರಡುತ್ತದೆ. ಉಮದಿ, ಸಂಖದಂತಹ ಗ್ರಾಮಗಳ ಕನ್ನಡ ಕುಟುಂಬಗಳು ಆ ದಾರಿಯ ಉದ್ದವನ್ನು ಅನುಭವದಿಂದ ಬಲ್ಲವು.

ಈಗ ದೇಶದಲ್ಲಿ ಅತಿವೇಗದ ರೈಲಿನ ಮಾತು ಕೇಳಿಬರುತ್ತಿದೆ. ಮುಂಬಯಿ–ಅಹಮದಾಬಾದ್ ನಡುವಿನ 508 ಕಿಲೋಮೀಟರ್ ಮಾರ್ಗಕ್ಕೆ 2017ರ ಸೆಪ್ಟೆಂಬರ್ 14ರಂದು ಶಂಕುಸ್ಥಾಪನೆಯಾಯಿತು. ಗಂಟೆಗೆ 320 ಕಿಲೋಮೀಟರ್ ವೇಗದ ಈ ಮಾರ್ಗಕ್ಕೆ 12 ನಿಲ್ದಾಣಗಳು. ಅವುಗಳಲ್ಲಿ ಮುಂಬಯಿಯ ಬಾಂದ್ರಾ–ಕುರ್ಲಾ ಸಂಕೀರ್ಣದ ನಿಲ್ದಾಣ ಮಾತ್ರ ನೆಲದಡಿಯಲ್ಲಿದೆ. ಮೂರು ಅಂತಸ್ತುಗಳ ಆ ನಿಲ್ದಾಣಕ್ಕೆ ಆರು ಪ್ಲಾಟ್‌ಫಾರ್ಮ್‌ಗಳನ್ನು ಯೋಜಿಸಲಾಗಿದ್ದು, 16 ಬೋಗಿಗಳ ರೈಲು ನಿಲ್ಲುವಂತೆ ಒಂದೊಂದನ್ನೂ ಸುಮಾರು 415 ಮೀಟರ್ ಉದ್ದಕ್ಕೆ ರೂಪಿಸಲಾಗಿದೆ.

ಇಂತಹ ನಿಲ್ದಾಣ ಎಂದೊಡನೆ ಗಾಜಿನ ಗೋಡೆ, ಚಲಿಸುವ ಮೆಟ್ಟಿಲು, ತಂಪಾದ ಗಾಳಿ ನೆನಪಿಗೆ ಬರುತ್ತವೆ. ಆದರೆ ಸೌಕರ್ಯವನ್ನು ಅಳೆಯಬೇಕಾದದ್ದು ಅಲ್ಲಿಗೆ ಮೊದಲ ಬಾರಿ ಬಂದವರ ಕಣ್ಣಿನಿಂದ. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಯನ್ನು ಬಿಟ್ಟರೆ ದೊಡ್ಡ ಜನಸಂದಣಿಯನ್ನೇ ಕಾಣದ ಅಜ್ಜಿ, ಕಾಲೇಜು ಸೇರಲು ಹೊರಟ ಮೊಮ್ಮಗಳೊಡನೆ ಅಲ್ಲಿಗೆ ಬಂದಳೆನ್ನೋಣ. ಬೋಗಿಯ ನೆಲವೂ ಪ್ಲಾಟ್‌ಫಾರ್ಮಿನ ನೆಲವೂ ಒಂದೇ ಮಟ್ಟದಲ್ಲಿದ್ದರೆ ಆಕೆ ಯಾರ ಕೈಯನ್ನೂ ಹಿಡಿಯದೆ ರೈಲು ಹತ್ತಬಲ್ಲಳು. ದೃಷ್ಟಿಯಿಲ್ಲದವರ ಪಾದಕ್ಕೆ ದಾರಿ ತೋರಿಸುವ ಉಬ್ಬುಗೆರೆಯ ಹಾಸುಗಲ್ಲುಗಳು 1967ರಲ್ಲಿ ಜಪಾನಿನ ಒಕಾಯಾಮಾದಲ್ಲಿ, ಅಂಧರ ಶಾಲೆಯೊಂದರ ಸಮೀಪದ ರಸ್ತೆಯಲ್ಲಿ, ಮೊದಲ ಬಾರಿಗೆ ಬಳಕೆಗೆ ಬಂದವು. ಇಂದು ಅವು ಭಾರತದ ಅನೇಕ ನಿಲ್ದಾಣಗಳಲ್ಲಿಯೂ ಇವೆ.

ಭಾಷೆಯ ಪ್ರಶ್ನೆಯೂ ಇಲ್ಲಿ ಸೇರಿದೆ. ಟೋಕಿಯೊ–ಒಸಾಕಾ ನಡುವೆ ಜಗತ್ತಿನ ಮೊದಲ ಅತಿವೇಗದ ರೈಲು 1964ರ ಅಕ್ಟೋಬರ್ 1ರಂದು ಓಡಿತು. ಒಂಬತ್ತು ದಿನಗಳ ನಂತರ ಟೋಕಿಯೊ ಒಲಿಂಪಿಕ್ ಕ್ರೀಡೆಗಳು ಆರಂಭವಾದವು. ಜಪಾನಿ ಭಾಷೆ ತಿಳಿಯದ ಅತಿಥಿಗಳಿಗಾಗಿ ಅಲ್ಲಿನ ವಿನ್ಯಾಸಕಾರರು ಕ್ರೀಡೆ, ನೀರು, ಶೌಚಾಲಯ, ದೂರವಾಣಿ ಮೊದಲಾದವುಗಳಿಗೆ ಸರಳ ಚಿತ್ರಸಂಕೇತಗಳನ್ನು ಕ್ರಮಬದ್ಧವಾಗಿ ರಚಿಸಿದರು. ಅಂತಹ ಸಂಕೇತಗಳು ಇಂದು ಎಲ್ಲ ನಿಲ್ದಾಣಗಳ ಸಾಮಾನ್ಯ ಲಿಪಿಯಾಗಿವೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೂ ಇಂಗ್ಲಿಷ್ ಶಾಲೆಯ ಮಗುವಿಗೂ ಅವು ಒಂದೇ ರೀತಿಯಲ್ಲಿ ಅರ್ಥವಾಗುತ್ತವೆ. ಒಳ್ಳೆಯ ನಿಲ್ದಾಣವು ಭಾಷೆ ಬಾರದವರನ್ನು ನಾಚಿಸುವುದಿಲ್ಲ.

ಇಷ್ಟಾದರೂ ನಿಲ್ದಾಣದ ಅತಿಮುಖ್ಯ ಸೌಕರ್ಯ ಇರುವುದು ಅದರ ಬಾಗಿಲಿನ ಹೊರಗೆ. ಒಸಾಕಾದ ಹಳೆಯ ನಿಲ್ದಾಣದಲ್ಲಿ ಹೊಸ ರೈಲನ್ನು ನಿಲ್ಲಿಸದೆ, ಬೇರೆಡೆ ‘ಶಿನ್-ಒಸಾಕಾ’ ನಿಲ್ದಾಣವನ್ನು ಕಟ್ಟಿದರು. ‘ಶಿನ್’ ಎಂದರೆ ಹೊಸದು. ಅದೂ ಒಂದು ಬಗೆಯ ‘ರೋಡ್’ ನಿಲ್ದಾಣವೇ. ಆದರೆ ಅತಿವೇಗದ ರೈಲು ಓಡುವುದಕ್ಕೆ ಒಂದು ವಾರ ಮುಂಚಿತವಾಗಿಯೇ ನಗರದ ಮೆಟ್ರೊ ಅಲ್ಲಿಗೆ ತಲುಪಿತ್ತು. ಶಿನ್-ಯೊಕೊಹಾಮಾಕ್ಕೆ ಅಂತಹ ಮೆಟ್ರೊ ಬಂದದ್ದು 1985ರಲ್ಲಿ. ಮುಂಬಯಿಯ ಹೊಸ ನಿಲ್ದಾಣವನ್ನು ಮೆಟ್ರೊಗೆ ಜೋಡಿಸುವ ಯೋಜನೆಯ ಹಿಂದೆಯೂ ಇದೇ ವಿವೇಕವಿದೆ.

ಈ ಪಾಠವನ್ನು ಕಲಿಯಲು ಜಪಾನಿಗೇ ಹೋಗಬೇಕಿಲ್ಲ. ಇಂದಿನ ಕುರ್ಡುವಾಡಿ ನಿಲ್ದಾಣಕ್ಕೆ ಹಿಂದೆ ‘ಬಾರ್ಶಿ ರೋಡ್’ ಎಂದು ಹೆಸರಿತ್ತು. ದೊಡ್ಡ ರೈಲು ಬಾರ್ಶಿ ಪಟ್ಟಣವನ್ನು ಮುಟ್ಟದೆ ಮುಂದೆ ಹೋಗುತ್ತಿತ್ತು. ಆ ಕೊರತೆಯನ್ನು ತುಂಬಲು ಇಂಗ್ಲಿಷ್ ಎಂಜಿನಿಯರ್ ಎವರಾರ್ಡ್ ಕಾಲ್‌ಥ್ರಾಪ್ 762 ಮಿಲಿಮೀಟರ್ ಅಗಲದ ಕಿರುಹಳಿಯ ಬಾರ್ಶಿ ಲೈಟ್ ರೈಲ್ವೆಯನ್ನು ನಿರ್ಮಿಸಿದನು. 1897ರಲ್ಲಿ ಅದು ಬಾರ್ಶಿಯನ್ನು ತಲುಪಿತು. 1906ರಲ್ಲಿ ಪಂಢರಪುರಕ್ಕೂ 1927ರಲ್ಲಿ ಮಿರಜಕ್ಕೂ ವಿಸ್ತರಿಸಿತು. ಜತ್ತ ರೋಡಿನ ಮೂಲಕ ಇಂದು ಹಾದುಹೋಗುವ ಬ್ರಾಡ್‌ಗೇಜ್ ಮಾರ್ಗಕ್ಕೆ ಮೂಲ ಆ ಕಿರುಹಳಿಯೇ. ಊರಿಗೂ ನಿಲ್ದಾಣಕ್ಕೂ ನಡುವಿನ ಅಂತರವನ್ನು ತುಂಬಲು ಹುಟ್ಟಿದ ರೈಲು ಜತ್ತಕ್ಕೆ ಮಾತ್ರ ಅದೇ ಅಂತರವನ್ನು ಉಳಿಸಿತು.

ಮುಂಬಯಿ–ಹೈದರಾಬಾದ್ ನಡುವೆ ಸುಮಾರು 711 ಕಿಲೋಮೀಟರ್ ಉದ್ದದ ಅತಿವೇಗದ ಮಾರ್ಗವೊಂದನ್ನು ಪ್ರಸ್ತಾಪಿಸಿದಾಗ ಪಂಢರಪುರ, ಸೊಲ್ಲಾಪುರ, ಕಲಬುರಗಿಗಳ ಹೆಸರು ಅದರಲ್ಲಿ ಸೇರಿದ್ದವು. ಮೂರೂ ಜತ್ತಕ್ಕೆ ಪರಿಚಿತ ಊರುಗಳೇ. ಅಂತಹ ಮಾರ್ಗ ಬಂದರೂ ಜತ್ತದ ಜನ ಮೊದಲು ಕೇಳಬೇಕಾದ ಪ್ರಶ್ನೆ ರೈಲಿನ ವೇಗದ ಕುರಿತಲ್ಲ. ರೈಲಿನ ಸಮಯಕ್ಕೆ ಹೊಂದುವ ಬಸ್ಸು ಹಳ್ಳಿಯಿಂದ ಹೊರಡುವುದೇ ಎಂಬುದು. ರೈಲಿನಲ್ಲಿ ಉಳಿದ ಎರಡು ಗಂಟೆ ಬಸ್ಸಿಗಾಗಿ ಕಾಯುವುದರಲ್ಲಿ ಕಳೆದರೆ ಲಾಭ ಸೊನ್ನೆ.

ಶಾಲೆಯ ಮಕ್ಕಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಮನೆಯಿಂದ ಬಸ್ ನಿಲ್ದಾಣ, ಅಲ್ಲಿ ಕಾಯುವಿಕೆ, ಬಸ್ಸಿನ ಪ್ರಯಾಣ, ರೈಲು ನಿಲ್ದಾಣದಲ್ಲಿ ಮತ್ತೆ ಕಾಯುವಿಕೆ, ರೈಲಿನ ಪ್ರಯಾಣ, ಹೀಗೆ ಐದು ಸಾಲುಗಳಲ್ಲಿ ನಿಮಿಷಗಳನ್ನು ಬರೆದು ಕೂಡಿಸಲಿ. ಯಾವ ಸಾಲು ದೊಡ್ಡದೋ ಅಲ್ಲಿಯೇ ಊರಿನ ಬೇಡಿಕೆ ಆರಂಭವಾಗಬೇಕು. ಗ್ರಾಮಸಭೆಯ ಮುಂದೆ ಇಡಲು ಆ ಒಂದು ಹಾಳೆಗಿಂತ ಸ್ಪಷ್ಟವಾದ ಮನವಿ ಬೇರೊಂದಿಲ್ಲ.