ಬೀದರಿನ ಅಂಗಳಕ್ಕೆ ಬಂದ ಮೋಗ್ಲಿ

ಬೀದರ ನಗರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ಗೃಹಸ್ಥರೊಬ್ಬರಿದ್ದಾರೆ. ವಯಸ್ಸು ನಾಲ್ವತ್ತನ್ನು ದಾಟಿದೆ. ಕಿವಿಯ ಬಳಿ ನರೆ ಇಣಿಕಿದೆ. ಹುಟ್ಟಿದ್ದು ಔರಾದ ತಾಲ್ಲೂಕಿನ ಹಳ್ಳಿಯಲ್ಲಿ. ಶಾಲೆ ಕಲಿತದ್ದು ಭಾಲ್ಕಿಯಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು. ಇವರಿಗೆ ಅತ್ಯಂತ ಪ್ರಿಯವಾದ ಕಥೆ ಯಾವುದೆಂದು ಕೇಳಿದವರಿಗೆ ಬರುವ ಉತ್ತರ ಪುರಾಣದ್ದೂ ಅಲ್ಲ, ಕಾದಂಬರಿಯದೂ ಅಲ್ಲ. ‘ಮೋಗ್ಲಿ’ ಎಂದುಬಿಡುತ್ತಾರೆ, ಹೇಳುವಾಗ ಸ್ವಲ್ಪ ನಾಚುತ್ತಾರೆ ಕೂಡ.

ಪ್ರೌಢಶಾಲೆಯಲ್ಲಿ ಓದುತ್ತಿರುವ ಇವರ ಮಗಳು ಜಪಾನೀ ಚಿತ್ರಮಾಲೆಗಳ ಪರಮ ಅಭಿಮಾನಿ. ಜಪಾನೀಯರು ಚಲಿಸುವ ಚಿತ್ರಗಳ ಈ ಬಗೆಯ ಕಥನವನ್ನು ‘ಅನಿಮೆ’ ಎನ್ನುತ್ತಾರೆ. ಊಟದ ಹೊತ್ತಿನಲ್ಲಿಯೂ ಆಕೆಯ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಅನಿಮೆ. ‘ಏನದ ಅದರಾಗ? ನಮ್ಮ ಮೋಗ್ಲಿ ಮುಂದ ಇವೆಲ್ಲ ಏನೂ ಅಲ್ಲ’ ಎಂದು ತಂದೆ ಒಂದು ದಿನ ಗದರಿದರು. ಹುಡುಗಿ ಎರಡು ನಿಮಿಷ ಹುಡುಕಾಡಿ, ಪಕಪಕನೆ ನಕ್ಕು ಹೇಳಿದಳು: ‘ಪಪ್ಪಾ, ನಿಮ್ಮ ಮೋಗ್ಲೀನೂ ಜಪಾನಿಂದೇ ಅದ!’

ತಂದೆ ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ತಾಟಿನಲ್ಲಿಯೇ ಇಟ್ಟರಂತೆ. ಮೂವತ್ತು ವರ್ಷ ತಮ್ಮದೆಂದೇ ನಂಬಿದ್ದ ವಸ್ತುವೊಂದು ಪರದೇಶದ್ದೆಂದು ಹೊತ್ತಲ್ಲದ ಹೊತ್ತಿನಲ್ಲಿ ತಿಳಿದರೆ ಯಾರಿಗಾದರೂ ಹಾಗೆಯೇ ಆದೀತು.

ಹುಡುಗಿ ಹೇಳಿದ್ದು ನಿಜ. ‘ಜಂಗಲ್ ಬುಕ್’ ಎಂಬ ಆ ಚಿತ್ರಮಾಲೆಯನ್ನು ತಯಾರಿಸಿದ್ದು ಜಪಾನಿನ ನಿಪ್ಪಾನ್ ಅನಿಮೇಷನ್ ಸಂಸ್ಥೆ; ನಿರ್ದೇಶಿಸಿದವರು ಫುಮಿಯೊ ಕುರೊಕಾವಾ. 1989ರ ಅಕ್ಟೋಬರಿನಿಂದ ಮರುವರ್ಷದ ಅಕ್ಟೋಬರಿನವರೆಗೆ ಅದರ 52 ಕಂತುಗಳು ಆ ದೇಶದಲ್ಲಿ ಪ್ರಸಾರವಾದವು. ಹಿಂದಿಯ ಮಾತು ತೊಡಿಸಿಕೊಂಡು ಅದು ನಮ್ಮ ದೂರದರ್ಶನಕ್ಕೆ ಬಂದದ್ದು 1993ರಲ್ಲಿ. ಹಿಂದಿಯ ಶೀರ್ಷಿಕೆಗೀತೆಯನ್ನು ಬರೆದವರು ಗುಲ್ಜಾರ್. ರಾಗ ಹಾಕಿದವರು ಆಗಿನ್ನೂ ತರುಣರಾಗಿದ್ದ ವಿಶಾಲ್ ಭಾರದ್ವಾಜ್. ಶೇರ್ ಖಾನ್ ಎಂಬ ಹುಲಿಗೆ ಕಂಠ ಕೊಟ್ಟವರು ನಾನಾ ಪಾಟೇಕರ್. ಗಡಿಯಾಚೆಯ ಮರಾಠಿ ಸೀಮೆಯ ಈ ನಟನ ಮಾತಿನ ಧಾಟಿ ಔರಾದಿನವರಿಗೆ ಅಪರಿಚಿತವೇನೂ ಅಲ್ಲ.

ಕಥೆಯ ಸಂಚಾರವಾದರೂ ಎಂಥದು! ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್, ಅಮೆರಿಕದ ವರ್ಮಾಂಟಿನ ಹಿಮದಲ್ಲಿ ಕುಳಿತು, ಮಧ್ಯಪ್ರದೇಶದ ಸಿವನಿಯ ಕಾಡನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ. ಪುಸ್ತಕ ಅಚ್ಚಾದದ್ದು 1894ರಲ್ಲಿ. ಭಾಲೂ, ಬಘೀರಾ, ಅಕೇಲಾ, ಹಾಥಿ—ಆತ ಪ್ರಾಣಿಗಳಿಗಿಟ್ಟ ಹೆಸರುಗಳಲ್ಲಿ ಬಹಳಷ್ಟು ಹಿಂದುಸ್ತಾನಿಯವು. ಅವು ಇಂಗ್ಲಿಷಿನ ಮೂಲಕ ಜಪಾನಿಗೆ ಹೋಗಿ, ಸುಮಾರು ನೂರು ವರ್ಷಗಳ ತರುವಾಯ ಬಾಲಕರ ಬಾಯಿಗೆ ಮರಳಿ ಬಂದವು. ಭಾಲ್ಕಿಯ ಹುಡುಗನಿಗೆ ಇವು ವಿದೇಶೀಯವೆಂದು ತೋರದಿದ್ದರೆ ಅದರಲ್ಲಿ ಅವನ ತಪ್ಪೇನಿದೆ?

ಆ ದಿನಗಳಲ್ಲಿ ಭಾಲ್ಕಿಯ ಸೋದರಮಾವನ ಓಣಿಗೆ ಒಂದೇ ಟೆಲಿವಿಷನ್ ಪೆಟ್ಟಿಗೆ, ಅದೂ ಕಪ್ಪು-ಬಿಳುಪಿನದು. ಭಾನುವಾರ ಬೆಳಗ್ಗೆ ಒಬ್ಬ ಹುಡುಗ ಮಾಳಿಗೆಯೇರಿ ಆಂಟೆನಾ ತಿರುಗಿಸಬೇಕು, ಇನ್ನೊಬ್ಬ ಬಾಗಿಲಲ್ಲಿ ನಿಂತು ‘ಬಂತು, ಬಂತು... ಹೋಯ್ತು!’ ಎಂದು ಕೂಗಬೇಕು. ವಿದ್ಯುತ್ತು ಕೈಕೊಟ್ಟರೆ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಜೋಡಿಸುವುದೂ ಇತ್ತು. ಮೋಗ್ಲಿಯ ಚಡ್ಡಿ ಕೆಂಪು ಬಣ್ಣದ್ದೆಂಬ ಸಂಗತಿ ಈ ಗೃಹಸ್ಥರಿಗೆ ತಿಳಿದದ್ದು ಎಷ್ಟೋ ವರ್ಷಗಳಾದ ಮೇಲೆ. ‘ಚಡ್ಡಿ’ ಎಂಬ ಶಬ್ದ ಹಿಂದಿಯ ಹಾಡಿನಲ್ಲಿ ಬಂದಾಗ ಓಣಿಯ ಮಕ್ಕಳೆಲ್ಲ ಕುಣಿದಾಡುತ್ತಿದ್ದರು. ತಮ್ಮ ಕನ್ನಡದ ಮಾತೊಂದು ದೆಹಲಿಯಿಂದ ಕೇಳಿಸಿತೆಂಬ ಹಿಗ್ಗು ಅದು.

ಡಿಸ್ನಿ ಸಂಸ್ಥೆ 1967ರಲ್ಲಿ ತೆಗೆದ ಚಿತ್ರವೂ ಇದೇ ಕಥೆಯದು. ಅದು ಒಂದೂಕಾಲು ಗಂಟೆಯ ವಿನೋದ. ಕರಡಿ ಕುಣಿಯುತ್ತದೆ, ಹಾವು ಕಣ್ಣು ತಿರುಗಿಸುತ್ತದೆ, ಮುಗಿಯಿತು. ಜಪಾನೀಯರ ಮೋಗ್ಲಿಗಾದರೋ ಬೆಳೆಯಲು 52 ವಾರಗಳ ಅವಕಾಶವಿತ್ತು. ವಾರಪತ್ರಿಕೆಯ ಧಾರಾವಾಹಿಗೆ ಕಾಯುವ ಓದುಗರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಳದ ತಾಯಿ ಮಗುವಿನ ಮೈ ನೆಕ್ಕುವುದಕ್ಕೆ, ಹುಡುಗ ಮರದ ಮೇಲೆ ಒಬ್ಬನೇ ಕುಳಿತು ಹಳ್ಳಿಯ ದೀಪಗಳನ್ನು ನೋಡುವುದಕ್ಕೆ ಅಲ್ಲಿ ಸಮಯವಿದೆ. ಜಪಾನೀ ಚಿತ್ರಕಾರರ ಮಿತವ್ಯಯವೂ ಇದಕ್ಕೆ ಒದಗಿ ಬಂದಿದೆ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಒಂದೊಂದು ಚಿತ್ರವನ್ನು ಮೂರು ಚೌಕಟ್ಟುಗಳಿಗೆ ಬಳಸಿದರೆ ಎಂಟು ಚಿತ್ರಗಳಲ್ಲಿ ಕೆಲಸವಾಗುತ್ತದೆ. 1963ರಲ್ಲಿ ಒಸಾಮು ತೆಜುಕಾ ‘ಆಸ್ಟ್ರೊ ಬಾಯ್’ ಮಾಲೆಯನ್ನು ಆರಂಭಿಸಿದಾಗಿನಿಂದ ದೂರದರ್ಶನದ ಅನಿಮೆಗಳು ನಡೆದು ಬಂದ ದಾರಿ ಇದು. ಚಲನೆ ಕಡಿಮೆಯಾದಷ್ಟೂ ನಿಶ್ಚಲ ಚಿತ್ರದ ಮೇಲೆ ಭಾರ ಹೆಚ್ಚು: ಗಾಳಿಗೆ ಬಾಗಿದ ಹುಲ್ಲು, ಮಿಟುಕಿಸದ ಕಣ್ಣು, ಬಂಡೆಯ ಮೇಲಿನ ಬಿಸಿಲು. ಬಡತನದಿಂದ ಹುಟ್ಟಿದ ಈ ಮೌನವೇ ಕಲೆಯಾಯಿತೆನ್ನಬೇಕು.

ರಜೆಯಲ್ಲಿ ಔರಾದಿನ ಹಳ್ಳಿಗೆ ಹೋದಾಗ ಹುಡುಗ ಇದನ್ನೆಲ್ಲ ಆಯಿಗೆ, ಎಂದರೆ ಅಜ್ಜಿಗೆ, ವರದಿ ಮಾಡುತ್ತಿದ್ದ. ಆಯಿಯ ತವರಿನವರು ಕುರಿ ಸಾಕುವವರು. ಆಕೆ ಕೇಳಿ ಕೇಳಿ ಒಂದು ದಿನ ಅಂದಳು: ‘ತ್ವಾಳ ಕುರಿಮರಿ ಹೊತ್ಕೊಂಡು ಹೋಗಾದು ನೋಡೀನಿ. ಕೂಸಿಗಿ ಸಾಕಾದು ಎಲ್ಲೂ ನೋಡಿಲ್ಲಪ್ಪಾ.’ ಆಯಿಯ ಪ್ರಾಣಿಶಾಸ್ತ್ರ ಕಿಪ್ಲಿಂಗನದಕ್ಕಿಂತ ಗಟ್ಟಿಯಾದದ್ದು. ತೋಳ ಈ ಬಯಲುಸೀಮೆಯ ಮೃಗ. ದಟ್ಟ ಕಾಡಿಗಿಂತ ಹುಲ್ಲುಗಾವಲು, ಕುರುಚಲು, ಹೊಲದಂಚು ಅದಕ್ಕೆ ಪ್ರಿಯ. ಆದರೆ ಅಂದು ರಾತ್ರಿ ಅದೇ ಆಯಿ, ‘ಮುಂದೇನಾಯ್ತು ಆ ಪಾರಿಗಿ?’ ಎಂದು ಕೇಳಿದಳಂತೆ.

ಅದೇ ವರ್ಷದ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಂಟೆ ನಾಲ್ಕಕ್ಕೆ ಸ್ವಲ್ಪ ಮೊದಲು, ಭೂಮಿ ನಡುಗಿತು. ಭಾಲ್ಕಿಯಿಂದ ಪಶ್ಚಿಮಕ್ಕೆ, ನೇರ ಗೆರೆ ಎಳೆದರೆ 70 ಕಿಲೋಮೀಟರಿನ ಆಸುಪಾಸಿನಲ್ಲಿ, ಲಾತೂರು ಜಿಲ್ಲೆಯ ಕಿಲ್ಲಾರಿ ನೆಲಸಮವಾಯಿತು. ಗಣೇಶ ವಿಸರ್ಜನೆಯ ಸಡಗರ ಮುಗಿಸಿ ಮಲಗಿದ್ದವರು ಏಳಲಿಲ್ಲ. ಸುತ್ತಣ ಹಳ್ಳಿಗಳೂ ಸೇರಿ ಸತ್ತವರು ಸುಮಾರು ಹತ್ತು ಸಾವಿರ. ಕೊಂದದ್ದು ಭೂಕಂಪವೆನ್ನುವುದಕ್ಕಿಂತ ಕಲ್ಲು-ಮಣ್ಣಿನ ಗೋಡೆ, ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಭಾಲ್ಕಿಯ ಮಾವನ ಮನೆಯೂ ಅಂಥದೇ.

ಆ ಮನೆಯವರು ಹಲವು ರಾತ್ರಿ ಅಂಗಳದಲ್ಲಿ ಮಲಗಿದರು. ದೊಡ್ಡವರು ಪಿಸುದನಿಯಲ್ಲಿ ಸತ್ತವರ ಲೆಕ್ಕ ಹೇಳುತ್ತಿದ್ದರು. ಮಕ್ಕಳಿಗೆ ನಿದ್ದೆ ಬಾರದು. ಚಿಕ್ಕ ಸೋದರಿಯೊಬ್ಬಳು ಅಳುವುದನ್ನು ನಿಲ್ಲಿಸಲಿಲ್ಲ. ಆಗ ಹತ್ತು ವರ್ಷದ ಈ ಹುಡುಗ ಅವಳ ಪಕ್ಕಕ್ಕೆ ಸರಿದು, ಮೋಗ್ಲಿಗೂ ಮೇಲೆ ಮಾಳಿಗೆಯಿಲ್ಲ, ಅವನೂ ಆಕಾಶದ ಕೆಳಗೇ ಮಲಗುತ್ತಾನೆ, ಸುತ್ತ ತೋಳಗಳು ಕಾವಲಿರುತ್ತವೆ ಎಂದು ಕಥೆ ಆರಂಭಿಸಿದ. ಕೇಳಿದ್ದೆಲ್ಲ ಹಿಂದಿಯಲ್ಲಿ, ಆಡಿದ್ದು ಮನೆಯ ಕನ್ನಡದಲ್ಲಿ. ಶೇರ್ ಖಾನನೂ ಬೀದರಿನ ಕನ್ನಡದಲ್ಲಿಯೇ ಗುಡುಗಿದ. ಹುಡುಗಿ ಮಲಗಿದಳು. ಕಂತುಗಳು ಸಾಲದಾದಾಗ ಅವನೇ ಕೆಲವನ್ನು ಕಟ್ಟಿದ್ದೂ ಉಂಟು. ಇಂದು ಯಾವುದು ಜಪಾನೀಯರದು, ಯಾವುದು ತನ್ನದು ಎಂದು ಅವರಿಗೇ ಬೇರ್ಪಡಿಸಲಾಗದು.

ಹಿಂದಿಯ ಮಾಲೆ ಭಾಲ್ಕಿಯ ಮಕ್ಕಳಿಗೆ ಅಷ್ಟು ಸುಲಭವಾಗಿ ದಕ್ಕಿದ್ದೇಕೆ? ಕಾರಣ ಬೀದರಿನ ಬೀದಿಯಲ್ಲಿದೆ. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಅಹಮದ್ ಶಹಾ ರಾಜಧಾನಿಯನ್ನು ಗುಲ್ಬರ್ಗಾದಿಂದ ಇಲ್ಲಿಗೆ ತಂದನು. ಅಂದಿನಿಂದ ಕನ್ನಡದ ಮಗ್ಗುಲಲ್ಲಿ ದಖನಿ ಬೆಳೆಯಿತು. ಮರಾಠಿ, ತೆಲುಗು ಸಂತೆಯಲ್ಲಿ ಕೂಡಿಕೊಂಡವು. 1956ರಲ್ಲಿ ಹೈದರಾಬಾದು ಸಂಸ್ಥಾನ ಒಡೆದಾಗ ಹಳೆಯ ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ಬೀದರ, ಭಾಲ್ಕಿ, ಔರಾದ ಮೈಸೂರಿಗೆ ಬಂದವು. ಗೆರೆ ಎಳೆದರೂ ನಾಲಗೆಗಳು ತುಂಡಾಗಲಿಲ್ಲ. ಮಂಡ್ಯದ ಬಾಲಕ ಚಿತ್ರವನ್ನು ನೋಡಿ ಕಥೆಯನ್ನು ಊಹಿಸಬೇಕಾಗಿದ್ದರೆ, ಭಾಲ್ಕಿಯ ಬಾಲಕ ಮಾತನ್ನೇ ಕೇಳಬಲ್ಲವನಾಗಿದ್ದ.

ಮಾತನಾಡುವ ಪ್ರಾಣಿಗಳೂ ಈ ನಾಡಿಗೆ ಹೊಸಬರಲ್ಲ. ಬಹಮನಿಗಳ ಕಾಲದಲ್ಲಿ ಬೀದರಿನಲ್ಲಿ ನಿಜಾಮಿ ಎಂಬ ಕವಿ ದಖನಿಯಲ್ಲಿ ‘ಕದಮ್ ರಾವ್ ಪದಮ್ ರಾವ್’ ಎಂಬ ಕಾವ್ಯವನ್ನು ರಚಿಸಿದ. ಅದರಲ್ಲಿ ಜೋಗಿಯ ಮೋಸದಿಂದ ದೊರೆಯ ಜೀವ ಗಿಳಿಯ ದೇಹವನ್ನು ಸೇರುತ್ತದೆ. ಅವನಿಗೆ ನೆರವಾಗುವವನು ಒಬ್ಬ ನಾಗ. ಇನ್ನೂ ಹಿಂದೆ, ಸುಮಾರು 1031ರಲ್ಲಿ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಕಿಪ್ಲಿಂಗನ ತಬಾಕಿ ಎಂಬ ನರಿ ಹುಲಿಯ ಬಾಲ ಹಿಡಿದು ತಿರುಗುವಾಗ ದಮನಕನ ನೆನಪಾಗದ ಕನ್ನಡಿಗನುಂಟೆ?

ಹಾಗಿದ್ದರೂ ಮೋಗ್ಲಿ ಕನ್ನಡ ಮಾತನಾಡಲಿಲ್ಲ. ಇದು ಈ ಗೃಹಸ್ಥರ ದೊಡ್ಡ ಕೊರಗು. 1960ರ ದಶಕದಲ್ಲಿ ಎಳೆಯದಾಗಿದ್ದ ಕನ್ನಡ ಚಿತ್ರೋದ್ಯಮವನ್ನು ಉಳಿಸಿಕೊಳ್ಳಲು ಡಬ್ಬಿಂಗ್ ವಿರುದ್ಧ ಎದ್ದ ಚಳವಳಿಗೆ ಅಂದು ಕಾರಣವಿತ್ತು. ಆ ನಿರ್ಬಂಧ ಹೇರುವುದು ಅಕ್ರಮವೆಂದು ಸ್ಪರ್ಧಾ ಆಯೋಗ ತೀರ್ಪಿತ್ತದ್ದು 2015ರಲ್ಲಿ. ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ. ದೆಹಲಿಯ ರಾಷ್ಟ್ರೀಯ ವಾಹಿನಿಗೆ ಹಿಂದಿಯ ಹೊರತು ಬೇರೆ ಭಾಷೆಯ ಮಕ್ಕಳಿದ್ದಾರೆಂಬ ನೆನಪೇ ಇರಲಿಲ್ಲವೆನ್ನುವುದೂ ಸತ್ಯ. 2009ರಲ್ಲಿ ‘ಚಿಂಟು’ ಎಂಬ ಕನ್ನಡ ಮಕ್ಕಳ ವಾಹಿನಿ ಬಂದಿತು. ಅಷ್ಟರಲ್ಲಿ ಆ ತಲೆಮಾರು ಮೀಸೆ ಹೊತ್ತಾಗಿತ್ತು. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಎಂಬ ಅನಿಮೆ ಚಿತ್ರ ಭಾರತದಲ್ಲಿ ಹಿಂದಿ, ತಮಿಳು, ತೆಲುಗು ಧ್ವನಿಗಳೊಡನೆ ತೆರೆಕಂಡಿತು, ಕನ್ನಡ ಅಲ್ಲಿರಲಿಲ್ಲ. ಮಗಳು ಹಿಂದಿಯಲ್ಲಿ ನೋಡಿದಳು. ‘ನಿನಗ ಕನ್ನಡದಾಗ ಬೇಕು ಅನಸೋದಿಲ್ಲೇನು?’ ಎಂದು ತಂದೆ ಕೇಳಿದರೆ, ಆಕೆ ಪ್ರಶ್ನೆಯೇ ಅರ್ಥವಾಗದವಳಂತೆ ಮುಖ ನೋಡಿದಳು. ಆ ನೋಟ ಅವರನ್ನು ಇಂದಿಗೂ ಚುಚ್ಚುತ್ತದೆ.

ಕಿಪ್ಲಿಂಗನ ಕಥೆಯಲ್ಲಿ ಮೋಗ್ಲಿಯನ್ನು ತೋಳಗಳ ಹಿಂಡೂ ಹೊರಹಾಕುತ್ತದೆ, ಹಳ್ಳಿಯೂ ಕಲ್ಲೆಸೆದು ಓಡಿಸುತ್ತದೆ. ವಸಂತವೊಂದರಲ್ಲಿ ಅವನು ಕಾಡಿಗೆ ಬೆನ್ನು ಮಾಡಿ ಮನುಷ್ಯರ ಕಡೆಗೆ ಹೊರಡುತ್ತಾನೆ. ಹುಲಿಯನ್ನು ಕೊಂದ ಪ್ರಸಂಗಕ್ಕಿಂತ ಈ ಹೊರಡುವಿಕೆಯನ್ನು ಹೇಳುವಾಗ ಗೃಹಸ್ಥರ ದನಿ ತಗ್ಗುತ್ತದೆ. ಔರಾದಿನಲ್ಲಿ ‘ಭಾಲ್ಕಿಯವ’, ಭಾಲ್ಕಿಯಲ್ಲಿ ‘ಔರಾದಿನವ’, ಬೆಂಗಳೂರಿಗೆ ಕಚೇರಿಯ ಕೆಲಸಕ್ಕೆ ಹೋದರೆ ‘ನೀವು ಆಂಧ್ರದವರಾ?’ ಎನಿಸಿಕೊಂಡವರು ಅವರು.

2016ರಲ್ಲಿ ಡಿಸ್ನಿಯ ಹೊಸ ಚಿತ್ರ ಬಂದಾಗ ಗುಲ್ಜಾರ್ ಮತ್ತು ವಿಶಾಲ್ ಭಾರದ್ವಾಜರ ಹಳೆಯ ಹಾಡು ಹೊಸದಾಗಿ ಕೇಳಿಸಿತು. ಶೇರ್ ಖಾನನಿಗೆ ಮತ್ತೆ ನಾನಾ ಪಾಟೇಕರರದೇ ಕಂಠ. ಗೃಹಸ್ಥರು ಮನೆಮಂದಿಯನ್ನೆಲ್ಲ ಕರೆದೊಯ್ದರು. ಬಣ್ಣವೆಲ್ಲ ಚೆನ್ನಾಗಿತ್ತು, ಹುಲಿ ನಿಜವಾದ ಹುಲಿಯಂತೆಯೇ ಇತ್ತು. ಆದರೂ ಅವರಿಗೆ ಏನೋ ಹಿಡಿಸಲಿಲ್ಲ.

ಈಗ ಮನೆಯಲ್ಲಿ ಆರು ವರ್ಷದ ಕಿರಿಯ ಮಗನಿದ್ದಾನೆ. ಬೇಸಿಗೆಯ ರಾತ್ರಿ ಕರೆಂಟು ಹೋದಾಗ ತಂದೆ-ಮಕ್ಕಳು ಮಾಳಿಗೆಯ ಮೇಲೆ ಚಾಪೆ ಹಾಸುತ್ತಾರೆ. ಮಗಳ ಮೊಬೈಲಿನ ಚಾರ್ಜು ಮುಗಿದಿರುತ್ತದೆ. ತಂದೆ ಕಥೆ ತೆಗೆಯುತ್ತಾರೆ. ಮೊನ್ನೆ ಮೋಗ್ಲಿ ಕರಂಜಾ ಹೊಳೆಯನ್ನು ದಾಟುತ್ತಿದ್ದ; ಜಪಾನಿನ ಮಾಲೆಯಲ್ಲಿ ಆ ಹೊಳೆಯಿಲ್ಲವೆಂದು ಮಗಳು ಆಕ್ಷೇಪಿಸಿದಳು. ‘ಸುಮ್ಮಕಿರು ಅಕ್ಕಾ,’ ಎಂದ ಕಿರಿಯವ, ‘ಪಪ್ಪಾ, ಮುಂದ ಹೇಳ್ರಿ.’