ಕಪ್ಪು ಪಟ್ಟಿಯಿಂದ ಪ್ರಧಾನಿ ಪಟ್ಟಕ್ಕೆ

ಈ ಬದುಕಿನ ಕಥೆಯನ್ನು ಮೊದಲ ಸಲ ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಇಸವಿಗಳನ್ನು ಮತ್ತೆ ಮತ್ತೆ ತಾಳೆ ನೋಡಿದೆ. ಕೆಲಸ ಕೊಡಕೂಡದು ಎಂದು ಗಣಿ ಮಾಲೀಕರು ಹೆಸರು ಬರೆದಿಟ್ಟು ಹೊರಗಟ್ಟಿದ ತರುಣನೊಬ್ಬ ಹಡಗು ಹತ್ತಿ ಭೂಗೋಳದ ಇನ್ನೊಂದು ತುದಿಗೆ ಹೋಗುತ್ತಾನೆ. ಅಲ್ಲಿಗೆ ಸರಿಯಾಗಿ 23 ವರ್ಷಕ್ಕೆ ಆ ದೇಶದ ಪ್ರಧಾನಿಯಾಗುತ್ತಾನೆ. ಅದೂ ಒಂದು ಸಲವಲ್ಲ, ಮೂರು ಸಲ! ಆಂಡ್ರ್ಯೂ ಫಿಶರ್ ಎಂಬ ಈ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಫಿಶರ್ ಹುಟ್ಟಿದ್ದು 1862ರ ಆಗಸ್ಟ್ 29ರಂದು, ಸ್ಕಾಟ್ಲೆಂಡಿನ ಏರ್‌ಶೈರ್ ಸೀಮೆಯ ಕ್ರಾಸ್‌ಹೌಸ್ ಎಂಬ ಹಳ್ಳಿಯಲ್ಲಿ. ಅಪ್ಪ ಕಲ್ಲಿದ್ದಲು ಗಣಿಯ ಕೂಲಿ. ಮಗನೂ ಎಳವೆಯಲ್ಲೇ ಗಣಿಗಿಳಿದ. ಅವನಿಗೆ ಸಿಕ್ಕ ಮೊದಲ ಕೆಲಸ ಬಾಗಿಲು ಕಾಯುವುದು. ನೆಲದಡಿಯ ಕತ್ತಲಲ್ಲಿ ಒಬ್ಬನೇ ಕೂತಿರಬೇಕು. ಕಲ್ಲಿದ್ದಲು ತುಂಬಿದ ಗಾಡಿ ಬಂದ ಸದ್ದಾದರೆ ಬಾಗಿಲು ತೆರೆಯಬೇಕು, ಅದು ದಾಟಿದ ಕೂಡಲೇ ಮುಚ್ಚಬೇಕು. ಕೇಳುವುದಕ್ಕೆ ಮಕ್ಕಳಾಟದಂತಿದೆ. ಆದರೆ ಗಣಿಯೊಳಗೆ ಗಾಳಿ ಯಾವ ಹಾದಿಯಲ್ಲಿ ಹರಿಯಬೇಕೆಂದು ನಿಯಂತ್ರಿಸುವುದೇ ಈ ಬಾಗಿಲುಗಳು! ಒಂದನ್ನು ಮುಚ್ಚಲು ಮರೆತರೂ ಗಾಳಿ ಅಡ್ಡದಾರಿ ಹಿಡಿಯುತ್ತದೆ, ಆಳದಲ್ಲಿ ಕಲ್ಲಿದ್ದಲು ಕಡಿಯುವವರ ಸುತ್ತ ಕೆಟ್ಟ ಅನಿಲ ಕಟ್ಟಿಕೊಳ್ಳುತ್ತದೆ. ಅಷ್ಟು ಜನರ ಉಸಿರು ಒಬ್ಬ ಚಿಕ್ಕ ಹುಡುಗನ ಎಚ್ಚರವನ್ನು ನಂಬಿಕೊಂಡಿತ್ತು.

ಮುಂದೆ ಗಣಿಯ ಕುದುರೆಗಳನ್ನು ನೋಡಿಕೊಂಡ, ಆಮೇಲೆ ತಾನೇ ಕಲ್ಲಿದ್ದಲು ಕಡಿದ. ಕೆಲಸ ಮುಗಿದ ಮೇಲೆ ರಾತ್ರಿ ಶಾಲೆ, ಅಪ್ಪನಂಥವರು ಸೇರಿ ಕಟ್ಟಿದ ಸಹಕಾರ ಸಂಘದ ಪುಸ್ತಕಗಳು. ಹದಿನೇಳಕ್ಕೆಲ್ಲ ಊರಿನ ಗಣಿ ಕಾರ್ಮಿಕರ ಸಂಘದ ಕಾರ್ಯದರ್ಶಿ! 1881ರಲ್ಲಿ ಹತ್ತು ವಾರಗಳ ಮುಷ್ಕರ ನಡೆದು ಸೋತಿತು, ಅವನ ಕೆಲಸ ಹೋಯಿತು. ಬೇರೊಂದು ಗಣಿ ಹುಡುಕಿಕೊಂಡ. 1885ರಲ್ಲಿ ಅದೂ ಹೋಯಿತು, ಜೊತೆಗೆ ಹೆಸರು ಕಪ್ಪು ಪಟ್ಟಿಗೆ ಬಿತ್ತು. ತಮ್ಮ ಜೇಮ್ಸ್ ಜೊತೆ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿಗೆ ಹೊರಟ ಹಡಗು ಹತ್ತಿದ.

ಅಲ್ಲಿ ಮೊದಲು ಬರಮ್ ಪ್ರದೇಶದ ಕಲ್ಲಿದ್ದಲು, 1888ರ ಹೊತ್ತಿಗೆ ಜಿಂಪಿಯ ಚಿನ್ನದ ಗಣಿ. ಮತ್ತೆ ಸಂಘ, ಮತ್ತೆ ಮುಷ್ಕರ, ಮತ್ತೆ ಕೆಲಸಕ್ಕೆ ಕುತ್ತು. ಎದೆಗುಂದದೆ ಎಂಜಿನ್ ಡ್ರೈವರ್ ಸರ್ಟಿಫಿಕೇಟ್ ಪಡೆದು, ಗಣಿಗಿಳಿಯುವವರ ಕೇಜನ್ನು ಇಳಿಸಿ ಏರಿಸುವ ಎಂಜಿನ್ ಮುಂದೆ ನಿಂತ. 1891ರಲ್ಲಿ ಕಾರ್ಮಿಕ ಸಂಘದ ಜಿಂಪಿ ಶಾಖೆಯ ಅಧ್ಯಕ್ಷ, 1893ರಲ್ಲಿ ಶಾಸಕ. 1896ರ ಚುನಾವಣೆಯಲ್ಲಿ ಸೋತಾಗ ಸುಮ್ಮನೆ ಕೂರದೆ 'ಜಿಂಪಿ ಟ್ರೂತ್' ಎಂಬ ಪತ್ರಿಕೆಯನ್ನೇ ಹುಟ್ಟುಹಾಕಿದ! 1899ರಲ್ಲಿ ಮತ್ತೆ ಗೆದ್ದ. ಆ ಡಿಸೆಂಬರಿನಲ್ಲಿ ಆಂಡರ್ಸನ್ ಡಾಸನ್ ನೇತೃತ್ವದಲ್ಲಿ ಕ್ವೀನ್ಸ್‌ಲೆಂಡಿನಲ್ಲೊಂದು ಸರ್ಕಾರ ಬಂತು. ಅದರ ಆಯುಸ್ಸು ಒಂದು ವಾರ. ಆದರೆ ಇಡೀ ಜಗತ್ತಿನಲ್ಲೇ ಅದು ಮೊಟ್ಟಮೊದಲ ಲೇಬರ್ ಸರ್ಕಾರ, ಮತ್ತು ನಮ್ಮ ಫಿಶರ್ ಅದರಲ್ಲಿ ಮಂತ್ರಿ!

1901ರಲ್ಲಿ ವಸಾಹತುಗಳೆಲ್ಲ ಒಂದಾಗಿ ಆಸ್ಟ್ರೇಲಿಯಾ ಒಕ್ಕೂಟವಾದಾಗ ವೈಡ್ ಬೇ ಕ್ಷೇತ್ರದಿಂದ ಮೊದಲ ಸಂಸತ್ತಿಗೆ ಹೋದ. 1907ರಲ್ಲಿ ಲೇಬರ್ ಪಕ್ಷದ ನಾಯಕ, 1908ರ ನವೆಂಬರಿನಲ್ಲಿ ಪ್ರಧಾನಿ. ಬಹುಮತವಿಲ್ಲದ ಆ ಸರ್ಕಾರ ಕೆಲವೇ ತಿಂಗಳಲ್ಲಿ ಬಿತ್ತು. ಆಮೇಲೆ ಬಂತು ನೋಡಿ 1910ರ ಏಪ್ರಿಲ್! ಸಂಸತ್ತಿನ ಎರಡೂ ಸದನಗಳಲ್ಲಿ ಲೇಬರ್ ಪಕ್ಷಕ್ಕೆ ಸ್ಪಷ್ಟ ಬಹುಮತ. ದೇಶವೊಂದರ ಆಡಳಿತ ಕಾರ್ಮಿಕರ ಪಕ್ಷದ ಕೈಗೆ ಬಹುಮತದೊಂದಿಗೆ ಬಂದದ್ದು ಜಗತ್ತಿನಲ್ಲಿ ಅದೇ ಮೊದಲು.

ಆ ಸರ್ಕಾರದ ಮೂರು ವರ್ಷಗಳಲ್ಲಿ ಪಾಸಾದ ಕಾಯ್ದೆಗಳು 113. ಅದು ಮಾಡಿದ ಮುಖ್ಯ ಕೆಲಸಗಳನ್ನು ಒಂದೊಂದಾಗಿ ನೋಡುತ್ತಾ ಹೋದಂತೆ ನನಗೆ ಕಂಡದ್ದು ಗಣಿ ಕೂಲಿಯ ಮನೆ. ಮೈ ಕೆಟ್ಟು ದುಡಿಯಲಾರದವರಿಗೆ 1910ರಿಂದ ಪಿಂಚಣಿ: ಗಣಿಯಲ್ಲಿ ಕೈಕಾಲು ಕಳೆದುಕೊಂಡವರನ್ನು ಕಂಡವನಿಗೆ ಅದರ ಬೆಲೆ ಯಾರೂ ಹೇಳಿಕೊಡಬೇಕಿರಲಿಲ್ಲ. 1911ರಲ್ಲಿ ಕಾಮನ್‌ವೆಲ್ತ್ ಬ್ಯಾಂಕಿನ ಕಾಯ್ದೆ: ಸರ್ಕಾರದ್ದೇ ಬ್ಯಾಂಕು, ಅಂಚೆ ಕಚೇರಿಯಲ್ಲೇ ಉಳಿತಾಯ ಖಾತೆ. ಸಹಕಾರ ಸಂಘದ ನೆರಳಲ್ಲಿ ಬೆಳೆದವನ ಕೆಲಸವದು. 1912ರಲ್ಲಿ ಬಾಣಂತಿಯ ಕೈಗೆ ಐದು ಪೌಂಡ್, ಮದುವೆಯಾಗದ ತಾಯಿಗೂ! ಖಂಡದ ಪೂರ್ವ ಪಶ್ಚಿಮಗಳನ್ನು ಬೆಸೆಯುವ ಸುಮಾರು 1,690 ಕಿಲೋಮೀಟರ್ ರೈಲುಮಾರ್ಗದ ಕೆಲಸ ಶುರುವಾದದ್ದೂ ಆಗಲೇ. 1913ರ ಮಾರ್ಚ್ 12ರಂದು ಹೊಸ ರಾಜಧಾನಿ ಕ್ಯಾನ್‌ಬೆರಾದಲ್ಲಿ ಅಡಿಗಲ್ಲು ಇಟ್ಟವರಲ್ಲಿ ಅವನೂ ಒಬ್ಬ.

ಅವನ ಹೆಂಡತಿ ಮಾರ್ಗರೆಟ್ ಕಥೆಯಂತೂ ಮೈ ಜುಮ್ಮೆನ್ನಿಸುತ್ತದೆ. 1911ರಲ್ಲಿ ಐದನೇ ಜಾರ್ಜ್ ಪಟ್ಟಾಭಿಷೇಕಕ್ಕೆ ದಂಪತಿ ಲಂಡನ್ನಿಗೆ ಹೋದರು. ಬ್ರಿಟನ್ನಿನ ಹೆಂಗಸರಿಗೆ ಆಗಿನ್ನೂ ಸಂಸತ್ತಿಗೆ ಮತ ಹಾಕುವ ಹಕ್ಕಿಲ್ಲ. ಆಸ್ಟ್ರೇಲಿಯಾದಲ್ಲಿ 1902ರಲ್ಲೇ ಸಿಕ್ಕಿತ್ತು. ಜೂನ್ 17ರಂದು ಲಂಡನ್ ಬೀದಿಗಳಲ್ಲಿ ಮತದ ಹಕ್ಕಿಗಾಗಿ ಮಹಿಳೆಯರ ಭಾರೀ ಮೆರವಣಿಗೆ. ಅದರಲ್ಲಿ ಆಸ್ಟ್ರೇಲಿಯಾದ ತಂಡದ ಜೊತೆ ಸ್ವತಃ ಪ್ರಧಾನಿಯ ಹೆಂಡತಿ ಹೆಜ್ಜೆ ಹಾಕಿದರು! ಡೋರಾ ಮೀಸನ್ ಕೋಟ್ಸ್ ಬರೆದ ಅಂದಿನ ಬ್ಯಾನರಿನಲ್ಲಿ ಆಸ್ಟ್ರೇಲಿಯಾ ಮಗಳಾಗಿ, ಬ್ರಿಟನ್ ತಾಯಿಯಾಗಿ ನಿಂತಿದ್ದಾರೆ. ನಾನು ನಂಬಿದಂತೆ ನೀನೂ ಹೆಂಗಸರನ್ನು ನಂಬಮ್ಮ ಎಂದು ಮಗಳು ತಾಯಿಗೆ ಹೇಳುತ್ತಿದ್ದಾಳೆ.

ಒಂದು ಸಂಗತಿ ಮಾತ್ರ ಎದೆಗೆ ಚುಚ್ಚುತ್ತದೆ. ಆ ಐದು ಪೌಂಡಿನ ಕಾಯ್ದೆ ಅಲ್ಲಿನ ಮೂಲನಿವಾಸಿ ತಾಯಂದಿರನ್ನೂ ಏಷ್ಯಾದವರನ್ನೂ ಹೊರಗಿಟ್ಟಿತ್ತು. ಬಿಳಿಯರದೇ ಆಸ್ಟ್ರೇಲಿಯಾ ಬೇಕೆಂಬ ನೀತಿಯನ್ನು ಅವನ ಪಕ್ಷ ಎತ್ತಿ ಹಿಡಿದಿತ್ತು. ನಮ್ಮ ದೇಶದಿಂದ ಹೋದ ಹೆಣ್ಣುಮಗಳು ಅಂದು ಅಲ್ಲಿ ಹೆತ್ತಿದ್ದರೆ ಅವಳಿಗೆ ಒಂದು ಪೆನ್ನಿಯೂ ಸಿಗುತ್ತಿರಲಿಲ್ಲ. ತಾನೇ ಹೊರಗಟ್ಟಿಸಿಕೊಂಡವನು ಇನ್ನೊಬ್ಬರನ್ನು ಹೊರಗಿಟ್ಟದ್ದು ದೊಡ್ಡ ತಪ್ಪು. ಈ ಕಥೆ ಹೇಳುವವರು ಅದನ್ನು ಬಿಟ್ಟು ಹೇಳಬಾರದು.

1914ರಲ್ಲಿ ಮೂರನೇ ಸಲ ಪ್ರಧಾನಿಯಾಗುವ ಹೊತ್ತಿಗೆ ಮಹಾಯುದ್ಧ ಶುರುವಾಗಿತ್ತು. ಮರುವರ್ಷ ರಾಜೀನಾಮೆ ಕೊಟ್ಟು ಲಂಡನ್ನಿಗೆ ಹೈಕಮಿಷನರ್ ಆಗಿ ಹೋದ. 1928ರಲ್ಲಿ ಅಲ್ಲೇ ತೀರಿಕೊಂಡ. ಅವನಿಗೆ ಕೆಲಸ ನಿರಾಕರಿಸಿದ ಬ್ರಿಟನ್ನಿನಲ್ಲಿ ಲೇಬರ್ ಪಕ್ಷದ ಮೊದಲ ಪ್ರಧಾನಿ ಬಂದದ್ದು 1924ರಲ್ಲಿ; ಬಹುಮತದ ಲೇಬರ್ ಸರ್ಕಾರ ಬರಲು 1945 ಆಗಬೇಕಾಯಿತು. ಏರ್‌ಶೈರಿನ ಗಣಿ ಮಾಲೀಕರು ಹೊರಗಟ್ಟಿದ ಆ ಹುಡುಗ ಅದನ್ನು 35 ವರ್ಷ ಮೊದಲೇ, ಕಡಲಾಚೆಗೆ ಹೋಗಿ, ಮಾಡಿ ತೋರಿಸಿದ್ದ!