ವಂಕಿ ಉಂಗುರವೂ ಕೆಂಪಿನ ಹರಳೂ

ಮೈಲಾಪುರದ ಕಪಾಲೀಶ್ವರ ದೇವಸ್ಥಾನದ ಸುತ್ತಿನ ಮಾಡ ಬೀದಿಗಳಲ್ಲಿ ಭರತನಾಟ್ಯದ ಒಡವೆ ಮಾರುವ ಅಂಗಡಿಗಳನ್ನು ನಮ್ಮ ಓದುಗರು ಬಲ್ಲರು. ನೆತ್ತಿಬೊಟ್ಟು, ಸೂರ್ಯ, ಚಂದ್ರ, ಜಿಮಿಕಿ, ಒಡ್ಯಾಣಗಳ ನಡುವೆ ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ವಂಕಿ ಉಂಗುರವೂ ಇರುತ್ತದೆ. ತೋಳಿನ ವಂಕಿಯನ್ನೇ ಬೆರಳಿನ ಅಳತೆಗೆ ಇಳಿಸಿದಂತಹ ಒಡವೆ ಇದು. ವಂಕ ಎಂದರೆ ಬಾಗಿದ್ದು. ಅಂತೆಯೇ ಇದರ ಮುಖವು ನಡುವೆ ಮೊನೆಯಾಗಿ ಬಾಗಿ, ಆ ಬಾಗಿನುದ್ದಕ್ಕೂ ಕೆಂಪು ಹರಳುಗಳ ಸಾಲನ್ನು ಹೊತ್ತಿರುತ್ತದೆ. ಮೈಸೂರು ಸೀಮೆಯ ಮನೆಗಳಲ್ಲಿ ಅಜ್ಜಿಯರ ಪೆಟ್ಟಿಗೆಯಿಂದ ಬರುವ ವಂಕಿ ಚಿನ್ನದ್ದು. ನೃತ್ಯದ ಅಂಗಡಿಯದು ಬೆಳ್ಳಿಯ ಮೇಲೆ ಚಿನ್ನದ ರೇಕನ್ನೋ ಮುಲಾಮನ್ನೋ ಕೊಟ್ಟದ್ದು. ಕೊಳ್ಳುವವರಿಗೆ ಅಂಗಡಿಯವರು, "ಅಸಲ್ ಕೆಂಪು" ಎಂದು ಹೇಳಿ ನಂಬಿಸುತ್ತಾರೆ. ಈ ಎರಡು ಮಾತುಗಳ ಅರ್ಥವೇನೆಂಬುದನ್ನು ವಿಚಾರಿಸುವುದೇ ನಮ್ಮ ಇಂದಿನ ಉದ್ದೇಶ.

ಮೊದಲು ಕೆಂಪು. ಇದು ನಮ್ಮ ಮಾತು ಎಂದು ಹೆಮ್ಮೆಪಡಲು ಕಾರಣವುಂಟು. ತಮಿಳಿನಲ್ಲಿ ಆ ಬಣ್ಣಕ್ಕೆ ಸಿವಪ್ಪು ಎನ್ನುತ್ತಾರೆ. ಕನ್ನಡದಲ್ಲಿ ಮೊದಲಿನ ಕಕಾರ ನಿಂತಿರುವ ಎಷ್ಟೋ ಕಡೆ ತಮಿಳಿನಲ್ಲಿ ಅದು ಚಕಾರಕ್ಕೆ ತಿರುಗಿದೆ: ನಮ್ಮ ಕಿವಿ ಅವರ ಸೆವಿ, ನಮ್ಮ ಕೆಂದಾವರೆ ಅವರ ಸೆಂದಾಮರೈ. ಹೀಗಿರುವಾಗ ತಮಿಳು ಅಕ್ಕಸಾಲಿಯ ಬಾಯಲ್ಲಿ ಮಾಣಿಕ್ಯಕ್ಕೆ ಕೆಂಪು ಎಂಬ ಹೆಸರು ಉಳಿದಿದೆಯೆಂದರೆ ಅದು ಹೊರಗಿನಿಂದ ಬಂದ ಪದವೆಂದೇ ತಿಳಿಯಬೇಕು. ಕನ್ನಡದಿಂದ ನೇರವಾಗಿ ಬಂದಿತೋ ತೆಲುಗಿನ ಬಾಗಿಲಿಂದ ಬಂದಿತೋ, ಆ ಚರ್ಚೆಯನ್ನು ಪಂಡಿತರಿಗೆ ಬಿಡೋಣ.

ಹೆಸರು ಹಳೆಯದಾದರೂ ಹರಳು ಹೊಸದು. ಗಣಿಯ ಮಾಣಿಕ್ಯವನ್ನು ನೃತ್ಯದ ಒಡವೆಗೆ ಕಟ್ಟುವುದು ಈಗ ಅಪರೂಪ. 1902ರಲ್ಲಿ ಫ್ರಾನ್ಸಿನ ವೆರ್ನೂಯಿ ಎಂಬ ವಿಜ್ಞಾನಿ ಅಲ್ಯುಮಿನಿಯಂ ಆಕ್ಸೈಡಿನ ಪುಡಿಯನ್ನು ಉರಿಯಲ್ಲಿ ಕರಗಿಸಿ ಮಾಣಿಕ್ಯವನ್ನು ಬೆಳೆಸುವ ಕ್ರಮವನ್ನು ಪ್ರಕಟಿಸಿದನು. ಹಾಗೆ ಬೆಳೆದ ಹರಳಿಗೂ ಗಣಿಯದಕ್ಕೂ ದ್ರವ್ಯದಲ್ಲಿ ಭೇದವಿಲ್ಲ, ಗಡಸುತನವೂ ಒಂದೇ. ತಿರುಚ್ಚಿಯ ಸುತ್ತಿನ ಊರುಗಳಲ್ಲಿ ಇಂತಹ ಕೃತಕ ಹರಳುಗಳನ್ನು ಸಾಣೆ ಹಿಡಿಯುವುದು ಮನೆಮನೆಯ ಕಸುಬಾಗಿ ಬೆಳೆಯಿತು. ಮೂರನೆಯದು ಬರಿಯ ಬಣ್ಣದ ಗಾಜು. ಭೂತಗನ್ನಡಿಯಲ್ಲಿ ನೋಡಿದರೆ ಅದರೊಳಗೆ ದುಂಡನೆಯ ಗುಳ್ಳೆಗಳು ಕಾಣುವುದುಂಟು. ನಾಲ್ಕಾರು ವರ್ಷ ಬಳಸಿದರೆ ಅಂಚುಗಳು ಸವೆದು ಮಂಕಾಗುತ್ತವೆ. ಈ ಮೂರಕ್ಕೂ ಅಂಗಡಿಯಲ್ಲಿ ಒಂದೇ ಹೆಸರು! ಕೃತಕ ಹರಳನ್ನು ಕಟ್ಟುವುದು ಮೋಸವೆಂದು ನಾವು ಹೇಳುವುದಿಲ್ಲ. ವೇದಿಕೆಯ ಮೇಲೆ ಕುಣಿಯುವ ಹುಡುಗಿಗೆ ಗಣಿಯ ಮಾಣಿಕ್ಯವೇಕೆ? ಹೆಸರು ಮುಚ್ಚಿ ಬೆಲೆ ಏರಿಸಿದರೆ ಮಾತ್ರ ಅದು ಮೋಸ.

ಇನ್ನು ಹರಳು ಕಟ್ಟುವ ರೀತಿ. ಇದರಲ್ಲೇ ಕೈಗೆಲಸದ ಸೊಗಸಿದೆ, ಮೋಸಕ್ಕೆ ಎಡೆಯೂ ಇದೆ. ಬೆಳ್ಳಿಯ ತಗಡನ್ನು ಬಡಿದು, ಪಟ್ಟಿಗಳನ್ನು ಬೆಸೆದು ಪ್ರತಿ ಹರಳಿಗೂ ಒಂದೊಂದು ಗೂಡು ಮಾಡುತ್ತಾರೆ. ಗೂಡಿಗೆ ಅರಗು ತುಂಬುತ್ತಾರೆ. ಹರಳಿನ ಬೆನ್ನಿಗೆ ಹೊಳೆಯುವ ರೇಕನ್ನು ಕೊಟ್ಟು ಅದನ್ನು ಅರಗಿನ ಮೇಲೆ ಕೂರಿಸಿ, ಸುತ್ತಲೂ ಅಪ್ಪಟ ಚಿನ್ನದ ರೇಕನ್ನು ಉಕ್ಕಿನ ಕಡ್ಡಿಯಿಂದ ಒತ್ತಿ ಒತ್ತಿ ತುಂಬುತ್ತಾರೆ. ಅಪ್ಪಟ ಚಿನ್ನವು ಒತ್ತಡ ಮಾತ್ರದಿಂದಲೇ, ಬೆಂಕಿ ತಾಗದೆ, ತನಗೆ ತಾನು ಅಂಟಿಕೊಳ್ಳುತ್ತದೆ. ಇದೇ ಕುಂದಣ. ಹಿಂದಿನಿಂದ ಬೆಳಕು ಬಾರದಿದ್ದರೂ ಒಳಗಿನ ರೇಕು ಬೆಳಕನ್ನು ಹಿಂದಿರುಗಿಸುವುದರಿಂದ ಹರಳು ಕೆಂಡದಂತೆ ಕಾಣುತ್ತದೆ. ಬೆನ್ನು ಮುಚ್ಚಿರುವುದರಿಂದ ಮಂಕು ಹರಳೂ ಹಾಗೆಯೇ ಕಂಡೀತು. ಒಳಗೆ ಅರಗೆಷ್ಟು, ಲೋಹವೆಷ್ಟು ಎಂಬುದು ತಕ್ಕಡಿಗೆ ತಿಳಿಯದು. ಒರೆಗಲ್ಲು ಮೇಲಿನ ಮುಲಾಮನ್ನಷ್ಟೇ ಹೇಳೀತು. ನೀರಿನಲ್ಲಿ ಮುಳುಗಿಸಿ ಸಾಂದ್ರತೆ ನೋಡೋಣವೆಂದರೆ ಹಗುರವಾದ ಅರಗು ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಸರ್ಕಾರವು 2021ರ ಜೂನ್‌ನಲ್ಲಿ ಚಿನ್ನದ ಒಡವೆಗೆ ಹಾಲ್‌ಮಾರ್ಕನ್ನು ಕಡ್ಡಾಯಗೊಳಿಸಿದಾಗಲೂ ಕುಂದಣ, ಪೋಲ್ಕಿ, ಜಡಾವು ಕೆಲಸಗಳಿಗೆ ವಿನಾಯಿತಿ ಕೊಟ್ಟಿತು.

ನಮ್ಮ ಬಂಧುಗಳ ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ಮಗಳ ಅರಂಗೇಟ್ರಂಗೆಂದು ಒಂದು ಅಂಗಡಿಯಲ್ಲಿ ಇಡೀ ಸೆಟ್ಟನ್ನು, "ನಾಗರಕೋಯಿಲಿನ ಬೆಳ್ಳಿ" ಎಂಬ ಮಾತಿನ ಮೇಲೆ, ಸಾಲ ಮಾಡಿ ಕೊಂಡರು. ಎರಡು ವರ್ಷದಲ್ಲಿ ವಂಕಿ ಉಂಗುರದ ಹರಳು ಉದುರಿತು. ರಿಪೇರಿಗೆ ಕೊಂಡೊಯ್ದಾಗ ವೃದ್ಧ ಅಕ್ಕಸಾಲಿಯೊಬ್ಬರು ಒಳಮೈಯನ್ನು ಅರದಿಂದ ಎರಡು ಸಲ ಉಜ್ಜಿ, ಏನೂ ಹೇಳದೆ ನಮ್ಮ ಕೈಗಿತ್ತರು. ಹಳದಿ ಹಿತ್ತಾಳೆ. ರಸೀದಿಯನ್ನು ಹುಡುಕಿ ತೆಗೆದರೆ ಅದರಲ್ಲಿ "ಡ್ಯಾನ್ಸ್ ಸೆಟ್ 1" ಎಂದಷ್ಟೇ ಬರೆದಿತ್ತು.

ಇಂತಹ ಪೇಚು ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ನೈರುತ್ಯದಲ್ಲಿ ನವಾಹೋ ಎಂಬ ಮೂಲನಿವಾಸಿಗಳಿದ್ದಾರೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮೆಕ್ಸಿಕೋದ ಕುಶಲಿಗಳಿಂದ ಲೋಹದ ಕೆಲಸ ಕಲಿತು, ನಾಣ್ಯಗಳನ್ನು ಕರಗಿಸಿ ಒಡವೆ ಮಾಡಿದರು. 1880ರ ಸುಮಾರಿಗೆ ಬೆಳ್ಳಿಯಲ್ಲಿ ಪೆರೋಜ ಎಂಬ ಹಸಿರು ಬೆರೆತ ನೀಲಿ ಹರಳನ್ನು ಕಟ್ಟತೊಡಗಿದರು. ಪೆರೋಜ ಅಪಾರದರ್ಶಕವಾದ್ದರಿಂದ ಅದಕ್ಕೆ ರೇಕಿನ ಹಂಗಿಲ್ಲ. ಹರಳಿನ ಸುತ್ತ ತೆಳುವಾದ ಬೆಳ್ಳಿಯ ಪಟ್ಟಿಯನ್ನು ನಿಲ್ಲಿಸಿ ಅಂಚನ್ನು ಒಳಕ್ಕೆ ಒತ್ತುತ್ತಾರೆ. ಹಿಂದೆ ಹರಳಿನಡಿಗೆ ಮೆತ್ತೆಯಾಗಿ ಮರದ ಹೊಟ್ಟನ್ನು ಹಾಕುತ್ತಿದ್ದುದೂ ಉಂಟು. ನಮ್ಮ ಅರಗಿನ ಕೆಲಸವನ್ನು ಅಲ್ಲಿ ಹೊಟ್ಟು ಮಾಡಿತು. ಆ ಉಂಗುರಗಳಿಗೆ ಹೆಸರು ಬಂದೊಡನೆ ಬಣ್ಣ ಹಚ್ಚಿದ ಅಗ್ಗದ ಕಲ್ಲುಗಳೂ ಹೊರದೇಶದಲ್ಲಿ ಮಾಡಿದ ಸರಕೂ ಅದೇ ಹೆಸರಿನಿಂದ ಬಂದವು. ಅಲ್ಲಿಯ ಸರ್ಕಾರ 1990ರಲ್ಲಿ ಕಾನೂನು ಮಾಡಿ, ಇಂಡಿಯನ್ನರು ಮಾಡದ ವಸ್ತುವನ್ನು ಇಂಡಿಯನ್ನರದೆಂದು ಮಾರುವುದನ್ನು ಅಪರಾಧವೆಂದಿತು (ಆ ಇಂಡಿಯನ್ನರು ಅವರು, ನಾವಲ್ಲ). 2018ರಲ್ಲಿ ನ್ಯೂ ಮೆಕ್ಸಿಕೋದ ವ್ಯಾಪಾರಿಯೊಬ್ಬನು ಫಿಲಿಪೈನ್ಸಿನ ಒಡವೆಯನ್ನು ಹಾಗೆ ಮಾರಿ ಆರು ತಿಂಗಳ ಸೆರೆವಾಸಕ್ಕೆ ಗುರಿಯಾದನು.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರವಾದದ್ದು 1999ರ ಭೌಗೋಳಿಕ ಸೂಚಿಕೆಗಳ ಕಾಯಿದೆ. 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಇಡೀ ಭಾರತಕ್ಕೆ ಇದರ ನೋಂದಣಿ ಕಚೇರಿ ನಮ್ಮೂರಿನ ಗಿಂಡಿಯಲ್ಲೇ ಇದೆ. ಮೈಸೂರು ರೇಷ್ಮೆ, ಬಿದರಿ ಕೆಲಸ, ಚನ್ನಪಟ್ಟಣದ ಆಟಿಕೆ, ಇವೆಲ್ಲ ಅಲ್ಲಿಯ ಪುಸ್ತಕವನ್ನು ಏರಿವೆ. ನಾಗರಕೋಯಿಲಿನ ದೇವಾಲಯದ ಒಡವೆಯೂ ಏರಿದೆ. ಅಲ್ಲಿಯ ವಡಸೇರಿಯ ಕುಶಲಿಗಳದೇ ಆ ಹೆಸರು. ಬೇರೆ ಮಾಲಿಗೆ ಆ ಹೆಸರನ್ನಿಟ್ಟರೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮೂರು ವರ್ಷದವರೆಗೆ ಸಜೆ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ ಎಂದು ಕಾಯಿದೆ ಹೇಳುತ್ತದೆ. ಆದರೆ ಬಾಯಿಮಾತನ್ನು ಯಾವ ನ್ಯಾಯಾಲಯಕ್ಕೆ ಕೊಂಡೊಯ್ಯುವುದು? ನಮ್ಮ ಬಂಧುಗಳ ರಸೀದಿಯಲ್ಲಿ ನಾಗರಕೋಯಿಲೂ ಇರಲಿಲ್ಲ, ಬೆಳ್ಳಿಯೂ ಇರಲಿಲ್ಲ.

ಆದಕಾರಣ ಕೊಳ್ಳುವವರು ರಸೀದಿಯಲ್ಲಿ ಲೋಹದ ಹೆಸರನ್ನೂ, ಬೆಳ್ಳಿಯಾದರೆ ಸಾವಿರಕ್ಕೆ ಎಷ್ಟು ಪಾಲು ಎಂಬುದನ್ನೂ (925 ಎಂದರೆ ಉಳಿದ 75 ಪಾಲು ಸಾಮಾನ್ಯವಾಗಿ ತಾಮ್ರ), ಹರಳು ಗಣಿಯದೋ ಕೃತಕವೋ ಗಾಜೋ ಎಂಬುದನ್ನೂ, ಅರಗಿನ ತೂಕವನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳತಕ್ಕದ್ದು. ಅರಗನ್ನು ಬೆಳ್ಳಿಯ ದರದಲ್ಲಿ ಕೊಳ್ಳುವಷ್ಟು ಶ್ರೀಮಂತರು ನಮ್ಮಲ್ಲಿ ಯಾರೂ ಇಲ್ಲ. ಮನೆಗೆ ತಂದ ಮೇಲೆ ನೀರಿನಲ್ಲಿ ಅದ್ದಬಾರದು. ಗೂಡಿನೊಳಗೆ ನೀರು ಇಳಿದರೆ ರೇಕು ಕಪ್ಪಾಗಿ ಹರಳು ಸತ್ತಂತೆ ಕಾಣುತ್ತದೆ. ಬಿಸಿಲಿನ ಕಿಟಕಿಯ ಬಳಿ ಇಟ್ಟರೆ ಅರಗು ಮೆತ್ತಗಾಗುತ್ತದೆ. ಕುಣಿದು ಬಂದೊಡನೆ ಬೆವರನ್ನು ಒಣ ಬಟ್ಟೆಯಿಂದ ಒರೆಸಿ ಹತ್ತಿಯಲ್ಲಿ ಸುತ್ತಿಡಬೇಕು.

ಆ ಅಕ್ಕಸಾಲಿಯವರು ಉದುರದೆ ಉಳಿದ ಹರಳುಗಳನ್ನೂ ಬಿಡಿಸಿ ಪರೀಕ್ಷಿಸಿದರು. ಅವು ಗಾಜಲ್ಲ, ತಿರುಚ್ಚಿಯ ಒಳ್ಳೆಯ ಹರಳೇ ಎಂದರು. ಅವನ್ನೇ ಹೊಸ ಬೆಳ್ಳಿಯ ವಂಕಿಗೆ ಕಟ್ಟಿಕೊಟ್ಟು, ಬೆಳ್ಳಿ, ಹರಳು, ಅರಗು ಇವುಗಳ ತೂಕವನ್ನು ಒಂದು ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದು ಸಹಿ ಮಾಡಿದರು. ಹುಡುಗಿ ಆ ಚೀಟಿಯನ್ನು ಉಂಗುರದ ಡಬ್ಬಿಯಲ್ಲೇ ಇಟ್ಟುಕೊಂಡಿದ್ದಾಳೆ.